ನೀತಿ ವೇದಿಕೆಗೆ ಸೇರುವ ಮೊದಲು ನಿಮ್ಮ ಕಾರಣ ಬರೆದಿಡಿ

ಸರ್ಕಾರಿ ಇಲಾಖೆ, ಉದ್ದಿಮೆಗಳು, ಕಾರ್ಮಿಕ ಸಂಘಗಳು, ಪರಿಸರ ಸಂಸ್ಥೆಗಳು, ಸಂಶೋಧಕರು ಒಟ್ಟಿಗೆ ಕೂತು ನೀತಿಯ ಕರಡು ರೂಪಿಸುವ ವೇದಿಕೆಗೆ ಆಹ್ವಾನ ಬಂದಾಗ ಹೆಚ್ಚಿನ ಸಂಸ್ಥೆಗಳಲ್ಲಿ ಏಳುವ ಮೊದಲ ಪ್ರಶ್ನೆ 'ಯಾರನ್ನು ಕಳಿಸೋಣ?' ಎಂಬುದು. ಅದಕ್ಕೂ ಮೊದಲು ಕೇಳಬೇಕಾದದ್ದು 'ನಾವು ಯಾಕೆ ಹೋಗುತ್ತಿದ್ದೇವೆ?' ಎಂದು. ಇದಕ್ಕೆ ನೇರ ಉತ್ತರ ಸಿಕ್ಕರೆ ಯಾರು ಹೋಗಬೇಕು, ಎಷ್ಟು ಸಮಯ ಕೊಡಬೇಕು, ಯಾವ ಸಭೆ ತಪ್ಪಿಸಿದರೂ ನಡೆಯುತ್ತದೆ, ಯಾವಾಗ ಎದ್ದು ಬರಬೇಕು ಎಂಬುದೆಲ್ಲ ತಾನಾಗಿಯೇ ತೀರ್ಮಾನವಾಗುತ್ತದೆ. ಉತ್ತರ ಇಲ್ಲದೆ ಹೋದ ಸಂಸ್ಥೆ ಎರಡು ವರ್ಷ ಸಭೆಗಳಲ್ಲಿ ಕೂತು, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಕೊನೆಗೆ ತನಗೆ ಬೇಡವಾಗಿದ್ದ ವರದಿಯ ಮೇಲೆ ತನ್ನದೇ ಹೆಸರು ನೋಡಬೇಕಾಗುತ್ತದೆ.

ಇಲ್ಲಿ 'ವೇದಿಕೆ' ಎಂದರೆ ಅಹವಾಲು ಕೇಳುವ ಸಾರ್ವಜನಿಕ ಸಭೆಯಲ್ಲ. ಈ ಬಗೆಯ ಆಡಳಿತದ 137 ಪ್ರಕರಣಗಳನ್ನು ಪರಿಶೀಲಿಸಿ ರಾಜ್ಯಶಾಸ್ತ್ರಜ್ಞರಾದ ಕ್ರಿಸ್ ಆನ್ಸೆಲ್ ಮತ್ತು ಆಲಿಸನ್ ಗ್ಯಾಶ್ 2008ರಲ್ಲಿ ಕೊಟ್ಟ ವ್ಯಾಖ್ಯೆ ಕೆಲಸಕ್ಕೆ ಬರುತ್ತದೆ: ಸಾರ್ವಜನಿಕ ಸಂಸ್ಥೆಯೊಂದು ಕರೆದಿರಬೇಕು, ಸರ್ಕಾರದ ಹೊರಗಿನವರೂ ಇರಬೇಕು, ಅವರು ಅಭಿಪ್ರಾಯ ಹೇಳಿ ಹೋಗುವವರಾಗಿರದೆ ನಿರ್ಧಾರದಲ್ಲೇ ಪಾಲುದಾರರಾಗಿರಬೇಕು, ವೇದಿಕೆಗೆ ಔಪಚಾರಿಕ ರಚನೆ ಇದ್ದು ಎಲ್ಲರೂ ಒಟ್ಟಾಗಿ ಸೇರುತ್ತಿರಬೇಕು, ಗುರಿ ಒಮ್ಮತವಾಗಿರಬೇಕು, ವಿಷಯ ಸಾರ್ವಜನಿಕ ನೀತಿಯದ್ದಾಗಿರಬೇಕು. ನಿಮಗೆ ಬಂದ ಆಹ್ವಾನ ಈ ಅಳತೆಗೆ ಎಲ್ಲಿ ಕಡಿಮೆ ಬೀಳುತ್ತದೆ ಎಂದು ಮೊದಲು ಗುರುತಿಸಿ. ಕಡಿಮೆ ಬಿದ್ದ ಮಾತ್ರಕ್ಕೆ ಹೋಗಬಾರದೆಂದಲ್ಲ, ಆದರೆ ಹೋಗುವ ಕಾರಣ ಬೇರೆಯಾಗುತ್ತದೆ.

ಸಂಸ್ಥೆಗಳು ನಿಜವಾಗಿ ಯಾಕೆ ಬರುತ್ತವೆ

ಆಹ್ವಾನಕ್ಕೆ ಕೊಡುವ ಉತ್ತರದಲ್ಲಿ ಎಲ್ಲರೂ 'ಸಾರ್ವಜನಿಕ ಹಿತಕ್ಕಾಗಿ' ಎಂದೇ ಬರೆಯುತ್ತಾರೆ. ಅದು ಸುಳ್ಳೇನಲ್ಲ, ಆದರೆ ಅದರಿಂದ ಯಾವ ತೀರ್ಮಾನವನ್ನೂ ಮಾಡಲಾಗದು. ಒಳಗಿನ ಕಾರಣಗಳು ಇನ್ನೂ ಖಚಿತವಾಗಿರುತ್ತವೆ.

ಎಲ್ಲಕ್ಕಿಂತ ಅಗ್ಗದ ಕಾರಣ ಮಾಹಿತಿ. ಕರಡು ನಿಯಮ ಪ್ರಕಟವಾಗುವ ಎಷ್ಟೋ ತಿಂಗಳು ಮೊದಲೇ ಅದರ ದಿಕ್ಕು ವೇದಿಕೆಯೊಳಗೆ ಗೊತ್ತಾಗುತ್ತದೆ. ಇಲಾಖೆಗೆ ಯಾವ ಅಂಕಿಅಂಶ ಚಿಂತೆ ತಂದಿದೆ, ಎದುರು ಪಕ್ಷ ಯಾವುದಕ್ಕೆ ಒಪ್ಪಬಹುದು, ಯಾವುದಕ್ಕೆ ಸುತರಾಂ ಒಪ್ಪುವುದಿಲ್ಲ ಎಂಬುದು ಕಾಗದದ ಮೇಲೆ ಬರುವ ಮೊದಲೇ ಮಾತಿನಲ್ಲಿ ಕಾಣುತ್ತದೆ. ನಿಮಗೆ ಬೇಕಿರುವುದು ಇಷ್ಟೇ ಆದರೆ ಪೂರ್ಣ ಸದಸ್ಯತ್ವದ ಹೊರೆ ಬೇಡ, ವೀಕ್ಷಕರ ಸ್ಥಾನ ಕೇಳಿ.

ಎರಡನೆಯದು ನಿರ್ಧಾರವನ್ನು ತಿದ್ದುವುದು. ಇದು ಎಲ್ಲರೂ ಬಾಯಿಬಿಟ್ಟು ಹೇಳುವ ಕಾರಣ, ಅತಿ ದುಬಾರಿ ಕಾರಣವೂ ಹೌದು. ತಿದ್ದುವ ಕೆಲಸ ದೊಡ್ಡ ಸಭೆಯಲ್ಲಿ ಆಗುವುದು ಅಪರೂಪ. ಅದು ಕರಡು ಬರೆಯುವ ಉಪಸಮಿತಿಯಲ್ಲಿ, ವ್ಯಾಖ್ಯೆಗಳ ಪುಟದಲ್ಲಿ, ಅನುಬಂಧದ ಕೋಷ್ಟಕದಲ್ಲಿ ಆಗುತ್ತದೆ. ಉಪಸಮಿತಿಗೆ ಜನ ಕೊಡಲಾಗದ ಸಂಸ್ಥೆ ಈ ಕಾರಣವನ್ನು ಬರೆದುಕೊಳ್ಳದಿರುವುದೇ ಮೇಲು.

ಇನ್ನೊಂದು ಹಾನಿ ತಡೆಯುವುದು. ಮೇಜಿನಲ್ಲಿ ಇಲ್ಲದವರ ತಲೆಗೆ ಹೊರೆ ಕಟ್ಟುವುದು ಎಲ್ಲ ಒಪ್ಪಂದಗಳ ಸುಲಭ ದಾರಿ. ಒಳಗಿರುವ ಹತ್ತು ಪಕ್ಷಗಳು ಖರ್ಚು ಹಂಚಿಕೊಳ್ಳುವಾಗ ಹೊರಗಿನ ಹನ್ನೊಂದನೆಯವರ ಪಾಲು ದೊಡ್ಡದಾಗುತ್ತದೆ. ಇದರಲ್ಲಿ ಪಿತೂರಿಯೇನೂ ಇಲ್ಲ. ಆಕ್ಷೇಪಿಸುವವರು ಅಲ್ಲಿಲ್ಲ, ಅಷ್ಟೇ. ಬಹಳ ಸಂಸ್ಥೆಗಳು, ಮುಖ್ಯವಾಗಿ ಉದ್ದಿಮೆ ಸಂಘಗಳು, ಬರುವುದು ಈ ಭಯಕ್ಕೆ.

ಸಂಬಂಧಕ್ಕಾಗಿ ಬರುವವರೂ ಇದ್ದಾರೆ. ಒಂದು ಪ್ರದೇಶದ ನೀರು, ಭೂಬಳಕೆ, ಸಾರಿಗೆಯ ವಿಚಾರದಲ್ಲಿ ಹತ್ತಾರು ಸಮಿತಿಗಳಿರುತ್ತವೆ, ಆದರೆ ಮುಖಗಳು ಬಹುಪಾಲು ಅವೇ. ಹೀಗೆ ಒಂದರ ಮೇಲೊಂದು ಹೆಣೆದುಕೊಂಡ ವೇದಿಕೆಗಳನ್ನು ಸಾರ್ವಜನಿಕ ನೀತಿಯ ಸಂಶೋಧಕ ಮಾರ್ಕ್ ಲೂಬೆಲ್ 'ಆಟಗಳ ಪರಿಸರ ವ್ಯವಸ್ಥೆ' ಎಂಬ ಚೌಕಟ್ಟಿನಲ್ಲಿ ಅಧ್ಯಯನ ಮಾಡಿದ್ದಾರೆ. ಒಂದು ವೇದಿಕೆಯ ನಿರ್ಧಾರದ ಫಲ ಇನ್ನೊಂದರಲ್ಲಿ ಕಾಣಿಸುತ್ತದೆ, ಒಂದರಲ್ಲಿ ಗಳಿಸಿದ ನಂಬಿಕೆಯೂ ಹಾಗೆಯೇ. ಹೀಗಾಗಿ ಈ ಮೇಜಿನಲ್ಲಿ ಏನೂ ಸಿಗದ ಸಂಸ್ಥೆಗೂ ಕೂರುವುದರಿಂದ ಲಾಭ ಇರಬಹುದು. 'ಸಂಬಂಧ' ಎಂದು ಬರೆಯುವುದಾದರೆ ಯಾರ ಜೊತೆ, ಯಾವ ಕೆಲಸಕ್ಕೆ ಎಂದು ಹೆಸರು ಹಿಡಿದು ಬರೆಯಿರಿ. ಇಲ್ಲವಾದರೆ ಅದು ಬರೀ ನೆಪ.

ಮಾನ್ಯತೆಯ ಲೆಕ್ಕ ಎರಡೂ ಕಡೆಗಿದೆ. ಸಣ್ಣ ಸಂಸ್ಥೆಗೆ ಸರ್ಕಾರದ ಪಟ್ಟಿಯಲ್ಲಿ ಹೆಸರು ಬರುವುದು ಮುಖ್ಯ, ಕರೆದವರಿಗೆ 'ಎಲ್ಲರನ್ನೂ ಕೇಳಿದ್ದೇವೆ' ಎಂದು ತೋರಿಸುವುದು ಮುಖ್ಯ. ವಿರೋಧಿಗಳೆಂದು ಹೆಸರಾದ ಸಂಸ್ಥೆಗಳು ಇದನ್ನು ನೆನಪಿಡಬೇಕು: ಆಹ್ವಾನಿಸಿದವರಿಗೆ ನಿಮ್ಮ ಹೆಸರು ಬೇಕಾಗಿದೆ, ಅದಕ್ಕೆ ಬೆಲೆ ಕೇಳಬಹುದು. ಕೇಳುವ ಸಮಯ ಸೇರುವ ಮೊದಲು, ಸೇರಿದ ಮೇಲೆ ಅಲ್ಲ.

ಉಳಿದ ಕಾರಣಗಳು ಚಿಕ್ಕವು. ಅನುದಾನದ ಷರತ್ತು, ಕಾನೂನಿನ ಕಡ್ಡಾಯ, ಮುಂದೆ ಜಾರಿ ಹಂತದಲ್ಲಿ ಸಿಗಬಹುದಾದ ಕೆಲಸ. ನ್ಯಾಯಾಲಯದಲ್ಲಿ ಎರಡೂ ಕಡೆಯವರು ಸಿಕ್ಕಿಹಾಕಿಕೊಂಡು ಯಾರಿಗೂ ಮುಂದೆ ದಾರಿ ಕಾಣದಿದ್ದಾಗ ವೇದಿಕೆಯೇ ಹೊರದಾರಿಯಾಗುವುದೂ ಉಂಟು, ಗಟ್ಟಿ ಒಪ್ಪಂದಗಳು ಹೆಚ್ಚಾಗಿ ಹುಟ್ಟುವುದು ಇಂಥ ಸ್ಥಿತಿಯಲ್ಲೇ. ಕಾಲ ತಳ್ಳಲೆಂದೇ ಬರುವವರೂ ಇರುತ್ತಾರೆ. ಚರ್ಚೆ ನಡೆಯುತ್ತಿರುವಷ್ಟು ದಿನ ಹೊಸ ನಿಯಮ ಬರುವುದಿಲ್ಲ ಎಂಬುದು ಅವರ ಲೆಕ್ಕ. ನಿಮ್ಮ ಎದುರು ಕೂತವರ ಕಾರಣ ಇದಾಗಿದ್ದರೆ ಅವರನ್ನು ಒಪ್ಪಿಸಲು ಶ್ರಮ ಪಡಬೇಡಿ. ವೇದಿಕೆಗೆ ಅಂತಿಮ ದಿನಾಂಕ ಹಾಕಿಸಲು ಪಡಿ.

ಹೋಗದಿರಲೂ ಒಳ್ಳೆಯ ಕಾರಣವಿದೆ. ಗುಂಪಿನ ಹೋರಾಟದ ಫಲ ಎಲ್ಲರಿಗೂ ಸಿಗುವಂತಿದ್ದರೆ ದುಡಿಯದೇ ಫಲ ಪಡೆಯುವುದು ಪ್ರತಿಯೊಬ್ಬರಿಗೂ ಲಾಭವೆನಿಸುತ್ತದೆ ಎಂದು ಅರ್ಥಶಾಸ್ತ್ರಜ್ಞ ಮ್ಯಾಂಕರ್ ಓಲ್ಸನ್ 1965ರಲ್ಲೇ ತೋರಿಸಿದ್ದರು. ನಿಮ್ಮದೇ ನಿಲುವಿನ ದೊಡ್ಡ ಸಂಸ್ಥೆ ಮೇಜಿನಲ್ಲಿದ್ದರೆ ನೀವು ಅವರಿಗೆ ಅಂಕಿಅಂಶ ಒದಗಿಸಿ ಮನೆಯಲ್ಲಿರಬಹುದು. ಆದರೆ ಅವರ ಹಿತ ಮತ್ತು ನಿಮ್ಮ ಹಿತ ಎಲ್ಲಿ ಬೇರೆಯಾಗುತ್ತದೆ ಎಂದು ನೋಡಿ ಈ ತೀರ್ಮಾನಕ್ಕೆ ಬನ್ನಿ.

ಒಂದು ಪುಟದ ಟಿಪ್ಪಣಿ

ಅಂತರ್ಜಲ ಬಳಕೆಯ ನಿಯಮ ರೂಪಿಸಲು ವೇದಿಕೆಯೊಂದು ಹುಟ್ಟಿದೆ, ಸಣ್ಣ ಬೆಳೆಗಾರರ ಸಂಘಕ್ಕೆ ಆಹ್ವಾನ ಬಂದಿದೆ ಎಂದಿಟ್ಟುಕೊಳ್ಳಿ. ಸಂಘದ ಕಾರ್ಯಕಾರಿ ಸಮಿತಿ ಒಂದು ಪುಟದಲ್ಲಿ ಇಷ್ಟನ್ನು ಬರೆಯಬೇಕು:

ಕಾರಣ: ಒಂದೇ ವಾಕ್ಯ. 'ಮೀಟರ್ ಅಳವಡಿಸುವ ಖರ್ಚು ಸಣ್ಣ ಬಾವಿಗಳ ಮೇಲೆ ಬೀಳದಂತೆ ತಡೆಯುವುದು.' ಎರಡು ಕಾರಣ ಇದ್ದರೆ ಯಾವುದು ಮೊದಲು ಎಂದೂ ಬರೆಯಬೇಕು.

ಕನಿಷ್ಠ ಫಲ: ಏನು ಸಿಕ್ಕರೆ ಹೋದದ್ದು ಸಾರ್ಥಕ. 'ಇಂತಿಷ್ಟು ನೀರಿಗಿಂತ ಕಡಿಮೆ ಎತ್ತುವವರಿಗೆ ವಿನಾಯಿತಿ' ಎಂಬಂತೆ ಅಳೆಯಬಹುದಾದದ್ದು.

ವೇದಿಕೆ ಇಲ್ಲದಿದ್ದರೆ: ನ್ಯಾಯಾಲಯ, ಶಾಸಕರು, ಪತ್ರಿಕೆ, ಪ್ರತಿಭಟನೆ. ಇವುಗಳಲ್ಲಿ ಯಾವುದರಿಂದ ಏನು ಸಿಗಬಹುದು ಎಂಬ ಪ್ರಾಮಾಣಿಕ ಅಂದಾಜು. ವೇದಿಕೆಯಲ್ಲಿ ಸಿಗುವುದು ಇದಕ್ಕಿಂತ ಕಡಿಮೆಯಾದ ದಿನ ಅಲ್ಲಿ ಕೂರಲು ಕಾರಣವಿಲ್ಲ.

ಗೆರೆ: ಏನು ಬಂದರೂ ಸಹಿ ಹಾಕದ ಒಂದು ಅಥವಾ ಎರಡು ಅಂಶ. ಏಳು ಗೆರೆ ಹಾಕಿಕೊಂಡು ಹೋದವರಿಗೆ ಮಾತುಕತೆಗೆ ಜಾಗವೇ ಉಳಿಯುವುದಿಲ್ಲ.

ಖರ್ಚಿನ ಮಿತಿ ಮತ್ತು ಮರುಪರಿಶೀಲನೆಯ ದಿನಾಂಕ.

ಖರ್ಚನ್ನು ಗಂಟೆಗಳಲ್ಲಿ ಲೆಕ್ಕ ಹಾಕಿ, ಯಾಕೆಂದರೆ ಹಣಕ್ಕಿಂತ ಮೊದಲು ಮುಗಿಯುವುದು ಜನರ ಸಮಯ. ತಿಂಗಳಿಗೊಂದು ಸಭೆ, ಸಭೆಗೆ 3 ಗಂಟೆ ಎಂದರೆ ವರ್ಷಕ್ಕೆ 36 ಗಂಟೆ ಕೂರುವುದು. ಕೂತ ಪ್ರತಿ ಗಂಟೆಗೆ ಓದಿಗೆ, ತಯಾರಿಗೆ ಎರಡು ಗಂಟೆ, ವರದಿಗೆ, ಸದಸ್ಯರಿಗೆ ತಿಳಿಸುವುದಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಅಲ್ಲಿಗೆ 144 ಗಂಟೆ. ಉಪಸಮಿತಿಗೆ ಇದರ ಅರ್ಧ ಸೇರಿದರೆ 216 ಗಂಟೆ, ಅಂದರೆ ಎಂಟು ಗಂಟೆಯ 27 ಕೆಲಸದ ದಿನಗಳು. ಪ್ರಯಾಣ ಇದರಲ್ಲಿ ಸೇರಿಲ್ಲ. ಪೂರ್ಣಾವಧಿ ನೌಕರರು ಇಬ್ಬರೇ ಇರುವ ಸಂಸ್ಥೆಗೆ ಇದು ಸಣ್ಣ ಮಾತಲ್ಲ. ತಯಾರಿಯ ಭಾಗ ಕತ್ತರಿಸಿ ಉಳಿತಾಯ ಮಾಡಲು ಹೋಗಬೇಡಿ. ಓದದೆ ಹೋದವರು ಸಭೆಯಲ್ಲಿ ತಲೆಯಾಡಿಸುವುದಕ್ಕಷ್ಟೇ ಉಳಿಯುತ್ತಾರೆ.

ಖರ್ಚು ಕೇಳಲು ಸಂಕೋಚ ಬೇಡ. ಅಮೆರಿಕದಲ್ಲಿ 1990ರಲ್ಲಿ ಬಂದ ಸಂಧಾನದ ಮೂಲಕ ನಿಯಮ ರಚಿಸುವ ಕಾಯ್ದೆಯಲ್ಲಿ, ಸ್ವಂತ ಹಣವಿಲ್ಲದ ಸದಸ್ಯರಿಗೆ ಪ್ರಯಾಣ ಮತ್ತು ತಾಂತ್ರಿಕ ನೆರವಿನ ವೆಚ್ಚ ಕೊಡಲು ಸರ್ಕಾರಿ ಸಂಸ್ಥೆಗೆ ಅವಕಾಶ ಇದೆ. ವೇದಿಕೆ ಕರೆದವರ ಮುಂದೆ ಇಡಲು ಇದು ಒಳ್ಳೆಯ ಮಾದರಿ.

ಸಹಿ ಹಾಕುವ ಮುನ್ನ ನಿಯಮಾವಳಿ ಓದುವುದು

ವೇದಿಕೆಯ ರಚನೆ, ವ್ಯಾಪ್ತಿ, ಕಾರ್ಯವಿಧಾನ ಹೇಳುವ ದಾಖಲೆ ಕೇಳಿ ಪಡೆಯಿರಿ. 'ಮೊದಲ ಸಭೆಯಲ್ಲಿ ಒಟ್ಟಿಗೆ ರೂಪಿಸೋಣ' ಎಂಬ ಉತ್ತರ ಬಂದರೆ ಅದು ಕೆಟ್ಟ ಸೂಚನೆಯೇನಲ್ಲ, ಒಳ್ಳೆಯ ಅವಕಾಶ. ಆದರೆ ಆ ಮೊದಲ ಸಭೆಗೆ ನಿಮ್ಮ ಅತ್ಯಂತ ಅನುಭವಿ ವ್ಯಕ್ತಿಯೇ ಹೋಗಬೇಕು.

ಮೊದಲು ಹುಡುಕಬೇಕಾದದ್ದು ವೇದಿಕೆಯ ಮಾತಿಗೆ ಇರುವ ತೂಕ. ಅಮೆರಿಕದ ನೀತಿ ವಿಶ್ಲೇಷಕಿ ಶೆರಿ ಆರ್ನ್‌ಸ್ಟೀನ್ 1969ರಲ್ಲಿ ನಾಗರಿಕರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿಂಗಡಿಸಿದ್ದರು. ಸಲಹೆ ಕೇಳುವುದು ಅದರಲ್ಲಿ ನಾಲ್ಕನೆಯದು, ನಿಜವಾದ ಪಾಲುದಾರಿಕೆ ಆರನೆಯದು. ಬಹಳಷ್ಟು ವೇದಿಕೆಗಳು ಆರನೆಯ ಮೆಟ್ಟಿಲಿನ ಭಾಷೆ ಬಳಸಿ ನಾಲ್ಕರಲ್ಲಿ ನಿಂತಿರುತ್ತವೆ. ಪರೀಕ್ಷಿಸುವುದು ಸುಲಭ: ವೇದಿಕೆಯ ಶಿಫಾರಸನ್ನು ಇಲಾಖೆ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ, ಗೊತ್ತಾದ ಅವಧಿಯೊಳಗೆ ಕೊಡಬೇಕೇ? ಮೇಲೆ ಹೇಳಿದ ಅಮೆರಿಕದ ಕಾಯ್ದೆಯಡಿ, ಸಮಿತಿಯ ಒಮ್ಮತವನ್ನು ಕಾನೂನಿನ ಮಿತಿಯೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಕರಡು ನಿಯಮದ ಆಧಾರವಾಗಿ ಬಳಸುವುದಾಗಿ ಸರ್ಕಾರಿ ಸಂಸ್ಥೆ ಮೊದಲೇ ಒಪ್ಪಿಕೊಳ್ಳಬೇಕು. ಅದೇ ಇನ್ನೊಂದು ತುದಿಯಲ್ಲಿ, 2006ರಿಂದ ನಡೆಯುತ್ತಿರುವ ವಿಶ್ವಸಂಸ್ಥೆಯ ಇಂಟರ್‌ನೆಟ್ ಆಡಳಿತ ವೇದಿಕೆಗೆ ಕಟ್ಟುಪಾಡಿನ ನಿರ್ಧಾರ ಮಾಡುವ ಅಧಿಕಾರವೇ ಇಲ್ಲ. ಅಲ್ಲಿಗೆ ಹೋಗುವ ಸಂಸ್ಥೆಗಳು ಮಾಹಿತಿಗೆ, ಸಂಬಂಧಕ್ಕೆ ಹೋಗುತ್ತವೆ. ಅದು ಗೊತ್ತಿದ್ದು ಹೋದರೆ ನಿರಾಶೆಯಿಲ್ಲ.

ಎರಡನೆಯದು ತೀರ್ಮಾನದ ವಿಧಾನ. 'ಒಮ್ಮತ' ಎಂದು ಬರೆದಿದ್ದರೆ ಅದರ ಅರ್ಥವನ್ನೂ ಬರೆಸಿ. ಎಲ್ಲರೂ ಹೌದು ಎನ್ನಬೇಕೇ, ಯಾರೂ ಬೇಡ ಎನ್ನದಿದ್ದರೆ ಸಾಕೇ, ಒಬ್ಬರು ಬೇಡ ಎಂದರೆ ಮುಂದೇನು? ಅಂತರ್ಜಾಲದ ತಾಂತ್ರಿಕ ಮಾನದಂಡ ರೂಪಿಸುವ ಐಇಟಿಎಫ್‌ನಲ್ಲಿ ಮತ ಎಣಿಸುವುದಿಲ್ಲ. ಸ್ಥೂಲ ಒಮ್ಮತ ಸಾಕು. ಆದರೆ ಪ್ರತಿ ಆಕ್ಷೇಪಣೆಯನ್ನೂ ಪರಿಶೀಲಿಸಿ ಉತ್ತರ ಕೊಟ್ಟಿರಬೇಕು, ಅದನ್ನು ಒಪ್ಪಿಕೊಂಡೇ ಇರಬೇಕೆಂದಿಲ್ಲ. ಐಎಸ್‌ಒದಲ್ಲಿ ಅಂತರರಾಷ್ಟ್ರೀಯ ಮಾನದಂಡದ ಕರಡು ಪಾಸಾಗಲು ಸಂಬಂಧಪಟ್ಟ ಸಮಿತಿಯ ಕೆಲಸದಲ್ಲಿ ಸಕ್ರಿಯವಾಗಿ ಭಾಗವಹಿಸುವ ಸದಸ್ಯರ ಮತಗಳಲ್ಲಿ ಮೂರನೇ ಎರಡು ಭಾಗ ಪರವಾಗಿರಬೇಕು, ಚಲಾಯಿತ ಒಟ್ಟು ಮತಗಳಲ್ಲಿ ನಾಲ್ಕನೇ ಒಂದಕ್ಕಿಂತ ಹೆಚ್ಚು ವಿರೋಧ ಇರಬಾರದು. ತಾಂತ್ರಿಕ ಕಾರಣ ಕೊಡದ ವಿರೋಧ ಮತ ಲೆಕ್ಕಕ್ಕೇ ಬರುವುದಿಲ್ಲ. ಎರಡೂ ಕಡೆ ತಾತ್ಪರ್ಯ ಒಂದೇ: ಕಾರಣ ಬರೆಯದ ಆಕ್ಷೇಪಣೆ ವ್ಯರ್ಥ.

ಸದಸ್ಯರ ಸಮತೋಲನ ನೋಡುವಾಗ ತಲೆ ಎಣಿಸಬೇಡಿ, ಮತದ ತೂಕ ಎಣಿಸಿ. ಅರಣ್ಯ ಉತ್ಪನ್ನಗಳಿಗೆ ಪ್ರಮಾಣಪತ್ರದ ವ್ಯವಸ್ಥೆ ಮಾಡಲು 1993ರಲ್ಲಿ ಹುಟ್ಟಿದ ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನಲ್ಲಿ ಆರ್ಥಿಕ, ಸಾಮಾಜಿಕ, ಪರಿಸರ ಎಂಬ ಮೂರು ವಿಭಾಗಗಳಿವೆ. ಯಾವ ವಿಭಾಗದಲ್ಲಿ ಎಷ್ಟೇ ಸದಸ್ಯರಿದ್ದರೂ ಪ್ರತಿಯೊಂದಕ್ಕೂ ಒಟ್ಟು ಮತದ ಮೂರನೇ ಒಂದು ಭಾಗ. ವಿಭಾಗದೊಳಗೆ ಉತ್ತರದ ಶ್ರೀಮಂತ ದೇಶಗಳಿಗೂ ದಕ್ಷಿಣದ ದೇಶಗಳಿಗೂ ಸಮಪಾಲು. ನೂರು ಕಂಪನಿಗಳು ಹೊಸದಾಗಿ ಸೇರಿದರೂ ಆರ್ಥಿಕ ವಿಭಾಗದ ತೂಕ ಹೆಚ್ಚುವುದಿಲ್ಲ. ಇಂಥ ಕಟ್ಟು ಇಲ್ಲದ ವೇದಿಕೆಯಲ್ಲಿ ಹಣವಿರುವ ಪಕ್ಷ ತನ್ನ ನಾಲ್ಕು ಅಂಗಸಂಸ್ಥೆಗಳನ್ನೂ ಸದಸ್ಯರನ್ನಾಗಿಸಿ ಸಭೆ ತುಂಬಿಸಬಹುದು.

ಸದಸ್ಯರ ಒಟ್ಟು ಸಂಖ್ಯೆಯನ್ನೂ ಗಮನಿಸಿ. ಅಮೆರಿಕದ ಅದೇ ಕಾಯ್ದೆ ಸಮಿತಿಯನ್ನು ಸಾಮಾನ್ಯವಾಗಿ 25 ಸದಸ್ಯರಿಗೆ ಮಿತಿಗೊಳಿಸುತ್ತದೆ. ಅರವತ್ತು ಜನರ ವೇದಿಕೆಯಲ್ಲಿ ಮೂರು ಗಂಟೆ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಮೂರು ನಿಮಿಷ. ಅಲ್ಲಿ ನಿಜವಾದ ಕೆಲಸ ಬೇರೆಲ್ಲೋ ನಡೆಯುತ್ತಿರುತ್ತದೆ, ಅದೆಲ್ಲಿ ಎಂದು ಕೇಳಿ ತಿಳಿದುಕೊಳ್ಳಿ.

ಇನ್ನುಳಿದದ್ದು ಬೇಗ ಹೇಳಿಬಿಡಬಹುದು. ನಡಾವಳಿ ಬರೆಯುವವರು ಯಾರು, ಅದರ ಕರಡು ಎಷ್ಟು ದಿನದಲ್ಲಿ ಕೈಗೆ ಬರುತ್ತದೆ? ಭಿನ್ನಮತದ ಟಿಪ್ಪಣಿಯನ್ನು ಅಂತಿಮ ವರದಿಗೆ ಲಗತ್ತಿಸುವ ಹಕ್ಕಿದೆಯೇ? ನಿಮ್ಮ ಹೆಸರು, ಲಾಂಛನ ಬಳಸಲು ಪ್ರತಿ ಬಾರಿ ಒಪ್ಪಿಗೆ ಬೇಕೇ? ಸದಸ್ಯರಾಗಿರುವಾಗ ನ್ಯಾಯಾಲಯಕ್ಕೆ ಹೋಗಲು, ಬೀದಿಗಿಳಿಯಲು, ಪತ್ರಿಕೆಗೆ ಮಾತಾಡಲು ತಡೆಯಿದೆಯೇ? ಗೋಪ್ಯತೆಗೆ ಚಾಥಮ್ ಹೌಸ್ ನಿಯಮ ಎಂದು ಬರೆದಿದ್ದರೆ ಅದು ಪೂರ್ಣ ಗೋಪ್ಯತೆಯಲ್ಲ ಎಂಬುದು ಗೊತ್ತಿರಲಿ. 1927ರಲ್ಲಿ ಹುಟ್ಟಿದ ಆ ನಿಯಮದ ಪ್ರಕಾರ ಕೇಳಿದ ವಿಷಯವನ್ನು ಬಳಸಬಹುದು, ಹೇಳಿದವರು ಯಾರು, ಯಾವ ಸಂಸ್ಥೆಯವರು ಎಂದು ಮಾತ್ರ ಬಹಿರಂಗಪಡಿಸಬಾರದು. ಒಂದೇ ವ್ಯಾಪಾರದ ಪೈಪೋಟಿದಾರರು ಸೇರುವ ವೇದಿಕೆಯಾದರೆ ವಕೀಲರಿಂದ ಸ್ಪರ್ಧಾ ಕಾನೂನಿನ ಸಲಹೆ ಪಡೆದೇ ಹೋಗಿ. ಬೆಲೆ, ಉತ್ಪಾದನೆಯ ಪ್ರಮಾಣ, ಗಿರಾಕಿಗಳ ಹಂಚಿಕೆಯ ಮಾತು ಚಹಾ ವಿರಾಮದಲ್ಲಿ ಬಂದರೂ ಅಪಾಯವೇ. ಅಂಥ ಮಾತು ಶುರುವಾದರೆ ಆಕ್ಷೇಪ ಹೇಳಿ, ಎದ್ದು ಹೊರಬಂದು, ಹಾಗೆ ಮಾಡಿದ್ದನ್ನು ದಾಖಲಿಸಿ.

ಯಾರನ್ನು ಕಳಿಸಬೇಕು

ಕಾರಣ ಮಾಹಿತಿಯಾದರೆ ಚೆನ್ನಾಗಿ ಕೇಳಿ ಚೆನ್ನಾಗಿ ಬರೆಯಬಲ್ಲ ಕಿರಿಯ ಸಿಬ್ಬಂದಿ ಸಾಕು. ನಿರ್ಧಾರ ತಿದ್ದುವುದಾದರೆ ವಿಷಯ ಬಲ್ಲವರು ಮತ್ತು ಸ್ಥಳದಲ್ಲೇ ಒಪ್ಪಿಗೆ ಕೊಡುವ ಅಧಿಕಾರವಿರುವವರು ಬೇಕು. ಇವೆರಡೂ ಒಬ್ಬರಲ್ಲೇ ಸಿಗದಿದ್ದರೆ ಇಬ್ಬರನ್ನು ಕಳಿಸಿ. ಸಂಬಂಧಕ್ಕಾಗಿಯಾದರೆ ಯಾರೇ ಹೋಗಲಿ, ಪ್ರತಿ ಸಭೆಗೂ ಅದೇ ವ್ಯಕ್ತಿ ಹೋಗಬೇಕು. ಸಭೆಗೊಬ್ಬರಂತೆ ಮುಖ ಬದಲಿಸುವ ಸಂಸ್ಥೆಯ ಜೊತೆ ಯಾರೂ ಮನಬಿಚ್ಚಿ ಮಾತಾಡುವುದಿಲ್ಲ. ಪರ್ಯಾಯ ಪ್ರತಿನಿಧಿಯನ್ನು ಮೊದಲ ದಿನವೇ ಲಿಖಿತವಾಗಿ ಹೆಸರಿಸಿ, ಮೂರು ಸಭೆಗೊಮ್ಮೆಯಾದರೂ ಜೊತೆಗೆ ಕರೆದೊಯ್ಯಿರಿ.

ಪ್ರತಿನಿಧಿಯ ಅಧಿಕಾರವನ್ನು ಮೂರು ಪಟ್ಟಿಯಾಗಿ ಬರೆದುಕೊಡಿ: ಅವರೇ ಒಪ್ಪಬಹುದಾದದ್ದು, ಸಂಸ್ಥೆಯನ್ನು ಕೇಳಿ ಒಪ್ಪಬೇಕಾದದ್ದು, ಒಪ್ಪಲೇಬಾರದದ್ದು. ಬೆಳೆಗಾರರ ಸಂಘದ ಉದಾಹರಣೆಯಲ್ಲಿ ಸಭೆಯ ವೇಳಾಪಟ್ಟಿ, ಸಮೀಕ್ಷೆಯ ವಿಧಾನ ಮೊದಲ ಪಟ್ಟಿಗೆ, ವಿನಾಯಿತಿಯ ಮಿತಿ ಎರಡನೆಯದಕ್ಕೆ, ಸಣ್ಣ ಬಾವಿಗೆ ಶುಲ್ಕ ಮೂರನೆಯದಕ್ಕೆ. ಹೀಗೆ ಬರೆದಿಲ್ಲದ ಪ್ರತಿನಿಧಿಗಳಲ್ಲಿ ಎರಡು ಬಗೆ: ಪ್ರತಿಯೊಂದಕ್ಕೂ 'ಕೇಳಿ ಹೇಳುತ್ತೇನೆ' ಎನ್ನುವವರು ಮತ್ತು ಯಾವುದಕ್ಕೂ ಕೇಳದೆ ತಲೆದೂಗುವವರು. ಮೊದಲನೆಯವರನ್ನು ವೇದಿಕೆ ಕಡೆಗಣಿಸುತ್ತದೆ, ಎರಡನೆಯವರನ್ನು ಅವರ ಸಂಸ್ಥೆಯೇ ಕೈಬಿಡುತ್ತದೆ.

ಪ್ರತಿ ಸಭೆಯಾದ 48 ಗಂಟೆಯೊಳಗೆ ಅರ್ಧ ಪುಟದ ಟಿಪ್ಪಣಿ ಸಂಸ್ಥೆಗೆ ಬರಬೇಕು: ಏನು ತೀರ್ಮಾನವಾಯಿತು, ಯಾರು ನಿಲುವು ಬದಲಿಸಿದರು, ಮುಂದಿನ ಸಭೆಗೆ ಮುನ್ನ ನಾವು ಏನು ಹೇಳಬೇಕು. ಒಳಗೆ ಕೂತವರಿಗೆ ಪ್ರತಿ ರಿಯಾಯಿತಿಯ ಹಿಂದಿನ ಕಾರಣ ಗೊತ್ತಿರುತ್ತದೆ. ಹೊರಗಿನ ಸದಸ್ಯರಿಗೆ ಕೊನೆಯ ರಿಯಾಯಿತಿ ಮಾತ್ರ ಕಾಣುತ್ತದೆ, ಅದು ದ್ರೋಹದಂತೆ ಕಾಣುತ್ತದೆ. ಒಪ್ಪಂದ ಮಾಡಿಕೊಂಡ ಮೇಲೆ ಸ್ವಂತ ಸಂಘದಲ್ಲೇ ಅದು ತಿರಸ್ಕೃತವಾಗುವುದು ಬಹುತೇಕ ಈ ಟಿಪ್ಪಣಿ ಇಲ್ಲದ್ದರಿಂದ.

ಸಭೆಯೊಳಗೆ

ಮೊದಲ ಎರಡು ಮೂರು ಸಭೆಗಳಲ್ಲಿ ಮಾತು ನೀರಸವಾಗಿರುತ್ತದೆ. ವ್ಯಾಪ್ತಿ, ವ್ಯಾಖ್ಯೆ, ಯಾವ ವರ್ಷದ ಅಂಕಿಅಂಶ ಆಧಾರ ಎಂಬಂಥವು. ದೊಡ್ಡ ಸಂಸ್ಥೆಗಳು ತಮ್ಮ ಪಳಗಿದ ಜನರನ್ನು ಕಳಿಸುವುದು ಈಗಲೇ, ಸಣ್ಣವು ಈಗಲೇ ತಪ್ಪಿಸಿಕೊಳ್ಳುತ್ತವೆ. 'ದೊಡ್ಡ ಬಳಕೆದಾರ' ಎಂದರೆ ಬಾವಿಯ ಆಳದಿಂದ ಅಳೆಯುವುದೋ, ಪಂಪಿನ ಅಶ್ವಶಕ್ತಿಯಿಂದಲೋ, ವರ್ಷಕ್ಕೆ ಎತ್ತಿದ ನೀರಿನಿಂದಲೋ ಎಂಬುದು ತೀರ್ಮಾನವಾದ ಮೇಲೆ ಮೀಟರ್ ಖರ್ಚು ಯಾರದ್ದು ಎಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆಯೇ. ಆಳವೇ ಅಳತೆಯಾದರೆ ನೀರಿನ ಮಟ್ಟ ಕುಸಿದಿರುವ ಕಡೆಯ ಸಣ್ಣ ಬೆಳೆಗಾರರೂ ದೊಡ್ಡವರ ಪಟ್ಟಿಗೆ ಬೀಳುತ್ತಾರೆ. ಹತ್ತನೆಯ ಸಭೆಯಲ್ಲಿ ಎಷ್ಟೇ ವಾದಿಸಿದರೂ ಎರಡನೆಯ ಸಭೆಯ ವ್ಯಾಖ್ಯೆ ತೆರೆಯುವುದು ಕಷ್ಟ.

ಎದುರಿನವರ ಕಾರಣವನ್ನೂ ಬರೆದಿಟ್ಟುಕೊಳ್ಳಿ. ಪ್ರತಿ ಸದಸ್ಯ ಸಂಸ್ಥೆಗೆ ಒಂದು ಸಾಲು: ಬಾಯಲ್ಲಿ ಹೇಳುವ ನಿಲುವು, ಒಳಗಿನ ಕಾರಣದ ನಿಮ್ಮ ಊಹೆ, ಅವರ ಪ್ರತಿನಿಧಿಗೆ ಇರುವ ಅಧಿಕಾರ. ಮೂರನೆಯ ಸಭೆಯ ಹೊತ್ತಿಗೆ ಊಹೆ ತಿದ್ದಿ. ಮಾನ್ಯತೆಗಾಗಿ ಬಂದವರಿಗೆ ವರದಿಯಲ್ಲಿ ಹೆಸರು, ಅಧ್ಯಕ್ಷತೆ ಕೊಟ್ಟರೆ ವಿಷಯದಲ್ಲಿ ಬಿಟ್ಟುಕೊಡುತ್ತಾರೆ. ಹಾನಿ ತಡೆಯಲು ಬಂದವರಿಗೆ ಆ ಒಂದು ಹಾನಿ ಇಲ್ಲವೆಂದು ಖಾತ್ರಿಪಡಿಸಿದರೆ ಉಳಿದದ್ದಕ್ಕೆ ತಕರಾರು ಮಾಡುವುದಿಲ್ಲ. ಎಲ್ಲರೂ ನಿಮ್ಮಂತೆ ನಿಯಮದ ಪಠ್ಯಕ್ಕಾಗಿಯೇ ಬಂದಿದ್ದಾರೆ ಎಂದು ಭಾವಿಸುವುದು ಹೊಸಬರ ಸಾಮಾನ್ಯ ತಪ್ಪು.

ವಾದಕ್ಕಿಂತ ಪಠ್ಯ ತೆಗೆದುಕೊಂಡು ಹೋಗಿ. 'ಈ ಕಲಂ ನಮಗೆ ಒಪ್ಪಿಗೆಯಿಲ್ಲ' ಎನ್ನುವವರ ಮಾತು ನಡಾವಳಿಯಲ್ಲಿ ಒಂದು ಸಾಲಾಗುತ್ತದೆ. ಬದಲಿ ಕಲಂ ಬರೆದು, ಮುದ್ರಿಸಿ, ಸಭೆಗೆ ಒಂದು ವಾರ ಮುಂಚೆ ಹಂಚಿದವರ ಪಠ್ಯವೇ ಚರ್ಚೆಯ ಆಧಾರವಾಗುತ್ತದೆ. ಬೆಂಬಲಿಸಬಹುದಾದ ಎರಡು ಮೂರು ಸಂಸ್ಥೆಗಳ ಜೊತೆ ಮೊದಲೇ ಫೋನಿನಲ್ಲಿ ಮಾತಾಡಿರಿ. ಸಭೆಯಲ್ಲಿ ಮೊದಲ ಬಾರಿ ಕೇಳಿದ ಪ್ರಸ್ತಾವಕ್ಕೆ ಯಾರೂ ಹೌದು ಎನ್ನುವುದಿಲ್ಲ, ಅದು ಎಷ್ಟೇ ಒಳ್ಳೆಯದಿದ್ದರೂ. ಆಕ್ಷೇಪಣೆಗೆ ಮೂರು ಭಾಗ ಇರಲಿ: ಯಾವ ಪದ, ಯಾರಿಗೆ ಏನು ತೊಂದರೆ, ಬದಲಿಗೆ ಏನು.

ನಡಾವಳಿಯ ಕರಡು ಬಂದ ಕೂಡಲೇ ಓದಿ, ತಿದ್ದುಪಡಿಯನ್ನು ಲಿಖಿತವಾಗಿ ಕಳಿಸಿ. 'ಸದಸ್ಯರು ಒಟ್ಟಾರೆ ಸಹಮತ ವ್ಯಕ್ತಪಡಿಸಿದರು' ಎಂಬ ಸಾಲು ನೀವು ಬಾಯಿ ಮುಚ್ಚಿ ಕೂತಿದ್ದ ಅರ್ಧ ಗಂಟೆಯಿಂದ ಹುಟ್ಟಿರಬಹುದು.

ಎಲ್ಲಿ ಕೆಡುತ್ತದೆ

ಹೆಚ್ಚು ಸಂಸ್ಥೆಗಳನ್ನು ಸೋಲಿಸುವುದು ವಿರೋಧಿಗಳಲ್ಲ, ದಣಿವು. ಸಭೆಗಳು ದೀರ್ಘವಾದಷ್ಟೂ ಸಂಬಳಕ್ಕೆ ಕೂರುವ ಪ್ರತಿನಿಧಿಗಳಿಗೆ ಅನುಕೂಲ, ಕೆಲಸ ಬಿಟ್ಟು ಬರುವ ಸ್ವಯಂಸೇವಕರಿಗೆ ನಷ್ಟ. ಹಾಜರಾತಿ ಇಳಿದು ಕೋರಂಗೆ ಪರದಾಡುವ ಹೊತ್ತಿಗೆ ಉಳಿದ ಐದಾರು ಮಂದಿ ಅಂತಿಮ ಪಠ್ಯ ಬರೆಯುತ್ತಾರೆ. ಇದಕ್ಕೆ ಮದ್ದು ಎಲ್ಲ ಸಭೆಗೂ ಹೋಗುವುದಲ್ಲ. ಕಾರ್ಯಸೂಚಿ ನೋಡಿ, ನಿಮ್ಮ ಒಂದು ಪುಟಕ್ಕೆ ಸಂಬಂಧಿಸಿದ ಸಭೆಗಳನ್ನು ಮಾತ್ರ ಬಿಡದಿರುವುದು.

ಇನ್ನೊಂದು ತೊಂದರೆ ಒಮ್ಮತದ ಒಳಗೇ ಇದೆ. ಎಲ್ಲರೂ ಒಪ್ಪಬೇಕೆಂದರೆ ಯಾರಿಗೂ ನೋಯದ ಪಠ್ಯ ಹುಟ್ಟುತ್ತದೆ. ಕರಡಿನಲ್ಲಿ 'ಕಡ್ಡಾಯವಾಗಿ' ಇದ್ದದ್ದು 'ಸಾಧ್ಯವಾದ ಮಟ್ಟಿಗೆ' ಆಯಿತೇ, ವರ್ಷ ಹೆಸರಿಸಿದ್ದು 'ಕಾಲಕ್ರಮದಲ್ಲಿ' ಆಯಿತೇ ಎಂದು ಹಿಂದಿನ ಆವೃತ್ತಿಯ ಪಕ್ಕದಲ್ಲಿಟ್ಟು ನೋಡಿ. ಮೂರು ಆವೃತ್ತಿಗಳಲ್ಲಿ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಕನಿಷ್ಠ ಫಲದ ಸಾಲನ್ನು ಮತ್ತೆ ಓದುವ ಸಮಯ ಬಂದಿದೆ.

ಪ್ರತಿನಿಧಿ ನಿಧಾನವಾಗಿ ವೇದಿಕೆಯವರೇ ಆಗಿಬಿಡುವುದೂ ಇದೆ. ವರ್ಷಗಟ್ಟಲೆ ಒಟ್ಟಿಗೆ ಕೂತವರಲ್ಲಿ ಸ್ನೇಹ ಬೆಳೆಯುವುದು ಸಹಜ, ಬೇಕು ಕೂಡ. ಆದರೆ ಅವರ ಟಿಪ್ಪಣಿಗಳಲ್ಲಿ 'ನಾವು' ಎಂಬುದು ಸಂಘದ ಬದಲು ವೇದಿಕೆಯನ್ನು ಸೂಚಿಸತೊಡಗಿದರೆ ಪರ್ಯಾಯ ಪ್ರತಿನಿಧಿಯನ್ನು ಕೆಲವು ತಿಂಗಳು ಮುಂದೆ ಬಿಡಿ.

ಹೆಸರಿಗಷ್ಟೇ ಕೂರಿಸಿಕೊಂಡಿರುವ ವೇದಿಕೆಯನ್ನು ಗುರುತಿಸುವುದು ಕಷ್ಟವಲ್ಲ. ಕಡತಗಳು ಸಭೆಯ ಹಿಂದಿನ ರಾತ್ರಿ ಬರುತ್ತವೆ, ಪತ್ರಿಕಾ ಹೇಳಿಕೆ ಸಭೆಗೆ ಮುಂಚೆಯೇ ಸಿದ್ಧವಿರುತ್ತದೆ, ಮುಖ್ಯ ವಿಷಯ ಯಾವಾಗಲೂ 'ಮುಂದಿನ ಸಭೆಗೆ'. ಇವೆಲ್ಲ ಒಂದೊಂದಾಗಿ ಅಚಾತುರ್ಯವಿರಬಹುದು, ಮೂರೂ ಒಟ್ಟಿಗೆ ಬಂದರೆ ಅಲ್ಲ.

ಮರುಪರಿಶೀಲನೆ ಮತ್ತು ನಿರ್ಗಮನ

ಆರು ತಿಂಗಳಿಗೊಮ್ಮೆ ಒಂದು ಪುಟದ ಟಿಪ್ಪಣಿಯನ್ನು ಕಾರ್ಯಕಾರಿ ಸಮಿತಿಯ ಮುಂದಿಡಿ. ಪ್ರತಿನಿಧಿ ಉತ್ತರ ಹೇಳಲಿ, ತೀರ್ಮಾನ ಬೇರೆಯವರು ಮಾಡಲಿ. ಹಾಕಿದ ಶ್ರಮವನ್ನು ತೋರಿಸಿ 'ಇಷ್ಟು ದೂರ ಬಂದಿದ್ದೇವೆ' ಎಂಬ ವಾದ ಬಂದೇ ಬರುತ್ತದೆ. ಕಳೆದ ಗಂಟೆಗಳು ಹೇಗೂ ಮರಳುವುದಿಲ್ಲ, ಮುಂದಿನ ಗಂಟೆಗಳ ಲೆಕ್ಕ ಮಾತ್ರ ನೋಡಿ. ಕಾರಣ ಬದಲಾಗಿರಲೂಬಹುದು. ತಿದ್ದಲು ಹೋದವರು ಮಾಹಿತಿಗಾಗಿ ಉಳಿಯುವುದು ತಪ್ಪಲ್ಲ, ಆದರೆ ಆಗ ಸದಸ್ಯತ್ವ ಬಿಟ್ಟು ವೀಕ್ಷಕರಾಗಿ, ಗಂಟೆಗಳನ್ನು ಇಳಿಸಿ.

ಬಿಡುವುದನ್ನು ಹಂತಹಂತವಾಗಿ ಮಾಡಿ. ಮೊದಲು ಅಧ್ಯಕ್ಷರಿಗೆ ಪತ್ರ: ಯಾವ ಎರಡು ಅಂಶ ಯಾವ ದಿನಾಂಕದೊಳಗೆ ಸರಿಯಾಗಬೇಕು ಎಂದು. ಈ ಪತ್ರಕ್ಕೆ ಹೆಚ್ಚಿನ ಬೆಲೆಯಿದೆ. ಹಾಗಾಗಿ ಅದನ್ನು ಒಮ್ಮೆ ಮಾತ್ರ ಬರೆಯಬಹುದು. ಪ್ರತಿ ತಿಂಗಳೂ ಬಿಡುತ್ತೇವೆ ಎನ್ನುವವರನ್ನು ಯಾರೂ ತಡೆಯುವುದಿಲ್ಲ. ದಿನಾಂಕ ಮೀರಿದರೆ ಭಾಗವಹಿಸುವಿಕೆ ತಡೆಹಿಡಿದಿದ್ದೇವೆ ಎಂದು ತಿಳಿಸಿ, ಮರಳುವ ಷರತ್ತು ಬರೆಯಿರಿ. ಆಮೇಲೆ ರಾಜೀನಾಮೆ. ಗ್ರೀನ್‌ಪೀಸ್ ಇಂಟರ್‌ನ್ಯಾಷನಲ್ 2018ರಲ್ಲಿ ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಸದಸ್ಯತ್ವ ಬಿಟ್ಟಿತು, ಅದು ಆ ಕೌನ್ಸಿಲ್ ಕಟ್ಟಿದಾಗಿನಿಂದ ಇದ್ದ ಪರಿಸರ ಸಂಸ್ಥೆ. ವೇದಿಕೆಯ ಕಡೆಯಿಂದಲೂ ಒತ್ತಡ ಬರಬಹುದು: ಗಣಿ ಮತ್ತು ತೈಲ ಆದಾಯದ ಪಾರದರ್ಶಕತೆಗಾಗಿ ಸರ್ಕಾರ, ಕಂಪನಿ, ನಾಗರಿಕ ಸಂಸ್ಥೆಗಳನ್ನು ಒಟ್ಟಿಗೆ ಕೂರಿಸುವ ಇಐಟಿಐ, ನಾಗರಿಕ ಸಂಸ್ಥೆಗಳಿಗೆ ಮುಕ್ತ ಅವಕಾಶ ಇಲ್ಲವೆಂಬ ಕಾರಣಕ್ಕೆ ಅಜರ್‌ಬೈಜಾನನ್ನು 2017ರಲ್ಲಿ ಅಮಾನತು ಮಾಡಿತು, ಬೆನ್ನಲ್ಲೇ ಆ ದೇಶವೇ ಹೊರನಡೆಯಿತು. ಸೇರುವಾಗ ನಾಗರಿಕ ಸಂಸ್ಥೆಗಳ ರಕ್ಷಣೆಯನ್ನು ನಿಯಮವಾಗಿ ಬರೆಸಿದ್ದರೆ ಅದನ್ನು ಹೀಗೆ ಬಳಸಬಹುದು.

ಹೊರಬರುವ ದಿನ ಮಾಡಬೇಕಾದ ಕೆಲಸ ಸ್ವಲ್ಪವಿದೆ. ಎಲ್ಲ ನಡಾವಳಿ ಮತ್ತು ಕರಡುಗಳ ಪ್ರತಿ ನಿಮ್ಮ ಕಡತದಲ್ಲಿರಲಿ, ರಾಜೀನಾಮೆಯಾದ ಮೇಲೆ ಕೇಳಿದರೆ ಸಿಗುವುದಿಲ್ಲ. ಮುಂದಿನ ವರದಿಗಳಲ್ಲಿ, ಜಾಲತಾಣದಲ್ಲಿ ನಿಮ್ಮ ಹೆಸರು ತೆಗೆಯಬೇಕೆಂದು ಲಿಖಿತವಾಗಿ ಕೇಳಿ, ಒಂದು ತಿಂಗಳ ನಂತರ ಪರಿಶೀಲಿಸಿ. ನಿಮ್ಮ ಸದಸ್ಯರಿಗೆ ಸುದ್ದಿ ಪತ್ರಿಕೆಯಿಂದ ತಿಳಿಯುವ ಮೊದಲು ನೀವೇ ತಿಳಿಸಿ. ಜೊತೆಗೆ ನಿಂತಿದ್ದ ಎರಡು ಮೂರು ಸಂಸ್ಥೆಗಳಿಗೆ ಅದಕ್ಕೂ ಒಂದು ದಿನ ಮೊದಲು ಫೋನ್ ಮಾಡಿ, ಯಾಕೆಂದರೆ ಮುಂದಿನ ವೇದಿಕೆಯಲ್ಲಿ ಅದೇ ಜನ ಸಿಗುತ್ತಾರೆ.